ಟ್ರೈಕೋಗ್ರಾಮ ಮತ್ತು ಅದರ ಬಳಗ: ಪದೇ ಪದೇ ಕೇಳುವ ಪ್ರಶ್ನೆಗಳು

ತರಬೇತಿಗಳಲ್ಲಿ, ಪತ್ರಗಳಲ್ಲಿ, ಕೆಲವು ಸಲ ರಾತ್ರಿ ಊಟದ ಹೊತ್ತಿಗೆ ಬರುವ ಫೋನಿನಲ್ಲಿ ಜನ ಕೇಳಿದ ಪ್ರಶ್ನೆಗಳಿವು. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಸುಲಭದ್ದು ಮೊದಲು, ತಲೆ ತಿನ್ನುವಂಥದ್ದು ಕೊನೆಗೆ.

## ಮೊದಲ ಪರಿಚಯ

ಟ್ರೈಕೋಗ್ರಾಮ ಅಂದ್ರೆ ಔಷಧಿನಾ, ಹುಳನಾ?

ಹುಳ. ಸರಿಯಾಗಿ ಹೇಳಬೇಕೆಂದರೆ ಕಣಜ. ಈ ಅನುಮಾನ ಬರುವುದು ಕಾರ್ಡಿನಿಂದ. ಕೈಗೆ ಸಿಗುವುದು ಸ್ಯಾಂಡ್ ಪೇಪರಿನ ಹಾಗೆ ಕಾಣುವ ಒಂದು ಒರಟು ಕಾಗದ. ಅದರ ಮೇಲೆ ಅಂಟಿಸಿರುವುದು ಅಕ್ಕಿ ಪತಂಗದ ಮೊಟ್ಟೆಗಳು, ಒಂದು ಕಾರ್ಡಿನಲ್ಲಿ ಸುಮಾರು 20,000. ಆ ಮೊಟ್ಟೆಗಳ ಒಳಗೆ ಕಣಜದ ಮರಿಗಳು ಬೆಳೆಯುತ್ತಿರುತ್ತವೆ. ಹೊಲದಲ್ಲಿ ಹೊರಗೆ ಬಂದು ಪೀಡೆ ಪತಂಗಗಳ ಮೊಟ್ಟೆ ಹುಡುಕಿಕೊಂಡು ಹೋಗುತ್ತವೆ.

ಟ್ರೈಕೋಗ್ರಾಮ ಎನ್ನುವುದು ಒಂದು ಕುಲದ ಹೆಸರು. ಅದು ಸೇರಿರುವ ಕುಟುಂಬ ಟ್ರೈಕೋಗ್ರಾಮಾಟಿಡೇ. ಈ ಕುಟುಂಬದಲ್ಲಿ 80ಕ್ಕೂ ಹೆಚ್ಚು ಕುಲಗಳು, 800ಕ್ಕೂ ಹೆಚ್ಚು ಪ್ರಭೇದಗಳಿವೆ. ರೈತರ ಕೈಗೆ ಬಂದಿರುವುದು ಬೆರಳೆಣಿಕೆಯಷ್ಟು ಮಾತ್ರ.

ಪರಾವಲಂಬಿ ಅಂದ್ರೆ ಹೇನು, ಉಣ್ಣೆ ಥರಾನೇ ಅಲ್ವಾ?

ಅಲ್ಲ. ಹೇನು ತಲೆಯಲ್ಲಿದ್ದರೆ ಕೆರೆತ ಬರುತ್ತದೆ, ಮನುಷ್ಯ ಸಾಯುವುದಿಲ್ಲ. ಅವನು ಸತ್ತರೆ ಹೇನಿಗೇ ನಷ್ಟ. ಈ ಕಣಜದ ಲೆಕ್ಕವೇ ಬೇರೆ. ಇದರ ಮರಿ ಒಂದೇ ಒಂದು ಜೀವಿಯೊಳಗೆ ಬೆಳೆದು, ಅದನ್ನು ಪೂರ್ತಿ ಮುಗಿಸಿಯೇ ಹೊರಗೆ ಬರುತ್ತದೆ. ದೊಡ್ಡದಾದ ಮೇಲೆ ಹೂವಿನ ರಸ ಕುಡಿದುಕೊಂಡು ಸ್ವತಂತ್ರವಾಗಿ ಓಡಾಡುತ್ತದೆ. ಬಾಲ್ಯದಲ್ಲಿ ಮಾತ್ರ ಪರಾವಲಂಬಿ, ಅದೂ ಕೊಲ್ಲುವ ಪರಾವಲಂಬಿ. ಇಂಥವನ್ನು ಪ್ಯಾರಾಸಿಟಾಯ್ಡ್ ಎನ್ನುತ್ತಾರೆ.

ಟ್ರೈಕೋಗ್ರಾಮಾಟಿಡೇ ಕುಟುಂಬದ ಕಣಜಗಳು ಹೋಗುವುದು ಮೊಟ್ಟೆಗೆ. ಹುಳ ಮೊಟ್ಟೆಯೊಡೆದು ಬೆಳೆ ತಿನ್ನುವುದಕ್ಕೆ ಮೊದಲೇ ಕಥೆ ಮುಗಿದಿರುತ್ತದೆ. ಕೃಷಿಯಲ್ಲಿ ಇವಕ್ಕೆ ಇಷ್ಟು ಬೆಲೆ ಬಂದಿರುವುದೇ ಅದಕ್ಕೆ.

ಕಣಜ ಅಂದ್ಮೇಲೆ ಕುಟುಕುತ್ತಾ? ಮನೇಲಿ ಮಕ್ಕಳಿದಾರೆ.

ಕುಟುಕುವುದಿಲ್ಲ. ಇದರ ಬಾಲದ ಕೊಳವೆ ಇರುವುದು ಪತಂಗದ ಮೊಟ್ಟೆಯ ಸಿಪ್ಪೆ ಚುಚ್ಚುವುದಕ್ಕೆ. ನಮ್ಮ ಚರ್ಮಕ್ಕೆ ಅದು ತಾಗಿದ್ದೂ ಗೊತ್ತಾಗುವುದಿಲ್ಲ. ನನ್ನ ಅಂಗೈ ಮೇಲೆ ನೂರಾರು ಓಡಾಡಿವೆ.

ಎಷ್ಟು ಚಿಕ್ಕದು? ಪ್ರಪಂಚದಲ್ಲೇ ಅತಿ ಚಿಕ್ಕ ಕೀಟ ಇದೇ ಅಂತ ಕೇಳಿದ್ದೆ.

ಕಾರ್ಡಿನಿಂದ ಬರುವ ಟ್ರೈಕೋಗ್ರಾಮ ಸುಮಾರು ಅರ್ಧ ಮಿಲಿಮೀಟರ್ ಇರುತ್ತದೆ. ಒಂದು ರಾಗಿ ಕಾಳಿನ ಮೇಲೆ ಎರಡು ಮೂರು ಆರಾಮಾಗಿ ನಿಲ್ಲಬಹುದು. ಇದೇ ಕುಟುಂಬದ ಮೆಗಾಫ್ರಾಗ್ಮ ಇನ್ನೂ ಚಿಕ್ಕದು, 0.2 ಮಿಲಿಮೀಟರ್ ಆಸುಪಾಸು. ಅದು ಥ್ರಿಪ್ಸ್ ನುಸಿಯ ಮೊಟ್ಟೆಯೊಳಗೆ ಬೆಳೆಯುತ್ತದೆ. ಥ್ರಿಪ್ಸ್ ಎಷ್ಟು ಸಣ್ಣದು ಅಂತ ಮೆಣಸಿನಕಾಯಿ ಬೆಳೆದವರಿಗೆ ಗೊತ್ತು. ಅದರ ಮೊಟ್ಟೆ ಎಷ್ಟಿರಬೇಕು, ಅದರೊಳಗಿನ ಕಣಜ ಎಷ್ಟಿರಬೇಕು, ಯೋಚನೆ ಮಾಡಿ.

ಆದರೂ ಅತಿ ಚಿಕ್ಕ ಕೀಟದ ಪಟ್ಟ ಈ ಕುಟುಂಬಕ್ಕಿಲ್ಲ. ಪಕ್ಕದ ಮೈಮಾರಿಡೇ ಕುಟುಂಬದ ಡಿಕೋಪೊಮಾರ್ಫ ಎಂಬ ಕಣಜದ ಗಂಡು 0.139 ಮಿಲಿಮೀಟರ್ ಅಂತ ಅಳೆದಿದ್ದಾರೆ. ಅದಕ್ಕೆ ರೆಕ್ಕೆಯೂ ಇಲ್ಲ, ಕಣ್ಣೂ ಇಲ್ಲ.

ಎಲ್ಲವೂ ಪತಂಗದ ಮೊಟ್ಟೆಗೇ ಹೋಗ್ತವಾ?

ಟ್ರೈಕೋಗ್ರಾಮ ಕುಲ ಮುಖ್ಯವಾಗಿ ಪತಂಗ ಮತ್ತು ಚಿಟ್ಟೆಗಳ ಮೊಟ್ಟೆಗೆ ಹೋಗುತ್ತದೆ. ಕುಟುಂಬವನ್ನು ಪೂರ್ತಿ ನೋಡಿದರೆ ಒಂದೊಂದು ಕುಲಕ್ಕೆ ಒಂದೊಂದು ರುಚಿ. ಆಲಿಗೊಸಿಟ ಜಿಗಿಹುಳುಗಳ ಮೊಟ್ಟೆ ಹುಡುಕುತ್ತದೆ. ಅಸ್ಕಾನ ಕಾಳು ಕೊರೆಯುವ ದುಂಬಿಯ ಮೊಟ್ಟೆಗೆ ಹೋಗುತ್ತದೆ. ಅಲಸಂದೆ, ಹೆಸರುಕಾಳಿನ ಡಬ್ಬಿಯನ್ನು ಬಹಳ ದಿನ ಬಿಟ್ಟು ತೆಗೆದಾಗ ಕಾಳಿನ ಮೇಲೆ ಬಿಳಿ ಚುಕ್ಕೆ ಅಂಟಿರುತ್ತವಲ್ಲ, ಅವೇ ಆ ದುಂಬಿಯ ಮೊಟ್ಟೆಗಳು.

ನನಗೆ ಬಹಳ ಇಷ್ಟವಾದದ್ದು ಪ್ರೆಸ್ಟ್‌ವಿಚಿಯ ಅಕ್ವಾಟಿಕ. ಇದು ಯುರೋಪಿನ ಕೊಳಗಳಲ್ಲಿ ಕಾಲನ್ನೇ ಹುಟ್ಟಿನಂತೆ ಬಡಿದು ನೀರಿನೊಳಗೆ ಈಜುತ್ತದೆ. ನೀರು ತಿಗಣೆ, ನೀರು ದುಂಬಿಗಳ ಮೊಟ್ಟೆಯೊಳಗೆ ತನ್ನ ಮೊಟ್ಟೆ ಇಡುತ್ತದೆ. ಇಂಗ್ಲೆಂಡಿನ ಜಾನ್ ಲಬ್ಬಕ್ 1860ರ ದಶಕದಲ್ಲೇ ಇದನ್ನು ನೋಡಿ ಬರೆದಿಟ್ಟಿದ್ದರು. ಇಷ್ಟು ಚಿಕ್ಕ ಜೀವಿಗೆ ನೀರಿನ ಮೇಲ್ಪದರವೇ ಗೋಡೆ ಇದ್ದಂತೆ. ಅದನ್ನು ಸೀಳಿಕೊಂಡು ಒಳಗೆ ಹೋಗುವುದು ಸುಮ್ನೆ ಮಾತಲ್ಲ.

## ಮೊಟ್ಟೆಯೊಳಗಿನ ಬದುಕು

ಮೊಟ್ಟೆ ಇಟ್ಟಾಗಿನಿಂದ ಹೊರಗೆ ಬರೋವರೆಗೆ ಎಷ್ಟು ದಿನ?

ನಮ್ಮ ಕಡೆಯ ಬೆಚ್ಚಗಿನ ಹವೆಯಲ್ಲಿ ಏಳೆಂಟರಿಂದ ಹತ್ತು ದಿನ. ಚಳಿ ಇದ್ದರೆ ಜಾಸ್ತಿ.

ತಾಯಿ ಕಣಜ ತನ್ನ ಕೊಳವೆಯಿಂದ ಪತಂಗದ ಮೊಟ್ಟೆಯ ಸಿಪ್ಪೆ ಕೊರೆದು ಒಳಗೆ ಮೊಟ್ಟೆ ಇಡುತ್ತದೆ. ಜೊತೆಗೆ ಸ್ವಲ್ಪ ವಿಷವನ್ನೂ ಬಿಡುತ್ತದೆ. ಆ ವಿಷಕ್ಕೆ ಒಳಗಿದ್ದ ತಿರುಳು ಕರಗಿ ಗಂಜಿಯಾಗುತ್ತದೆ. ಒಂದು ದಿನದಲ್ಲಿ ಕಣಜದ ಮರಿ ಹುಟ್ಟುತ್ತದೆ. ಅದಕ್ಕೆ ಕಾಲಿಲ್ಲ, ಕಣ್ಣಿಲ್ಲ. ಬಾಯಿರುವ ಒಂದು ಚೀಲ ಅಷ್ಟೇ. ಗಂಜಿಯನ್ನೆಲ್ಲ ಹೀರಿ ಉಬ್ಬುತ್ತದೆ. ಮೂರು ನಾಲ್ಕನೇ ದಿನಕ್ಕೆ ಮೊಟ್ಟೆ ಹೊರಗಿನಿಂದ ಕಪ್ಪಾಗುತ್ತದೆ. ಆಮೇಲೆ ಕೋಶದ (ಪ್ಯೂಪ) ಹಂತ. ಕೊನೆಗೆ ಬೆಳೆದ ಕಣಜ ಸಿಪ್ಪೆಯಲ್ಲಿ ದುಂಡನೆಯ ತೂತು ಕಡಿದು ಹೊರಗೆ ಬರುತ್ತದೆ.

ಪತಂಗದ ಮೊಟ್ಟೆ ತಾಜಾ ಇರಬೇಕು. ಒಳಗೆ ಹುಳದ ಮರಿ ಆಗಲೇ ರೂಪ ಪಡೆದಿದ್ದರೆ ಕಣಜಕ್ಕೆ ಅದು ದಕ್ಕುವುದು ಕಷ್ಟ.

ಮೊಟ್ಟೆ ಕಪ್ಪಾದ್ರೆ ಒಳಗೆ ಕಣಜ ಇದೆ ಅಂತ ಖಾತ್ರಿನಾ?

ಮುಕ್ಕಾಲು ಖಾತ್ರಿ. ಎರಡು ಕಡೆ ಮೋಸ ಹೋಗಬಹುದು.

ಒಂದು, ಪತಂಗದ ಮೊಟ್ಟೆ ತಾನಾಗಿ ಒಡೆಯುವ ಹಿಂದಿನ ದಿನ ಒಳಗಿನ ಹುಳದ ಕಪ್ಪು ತಲೆ ಸಿಪ್ಪೆಯ ಮೂಲಕ ಕಾಣುತ್ತದೆ. ಅದು ಒಂದು ಕಪ್ಪು ಚುಕ್ಕೆ, ಮಿಕ್ಕ ಭಾಗ ಮಾಸಲು. ಟ್ರೈಕೋಗ್ರಾಮ ಇದ್ದರೆ ಇಡೀ ಮೊಟ್ಟೆ ಎಳ್ಳೆಣ್ಣೆ ಹಚ್ಚಿದ ಇದ್ದಿಲಿನ ಹಾಗೆ ಒಂದೇ ಸಮ ಕಪ್ಪು. ಕಣಜದ ಮರಿ ಸಿಪ್ಪೆಯ ಒಳಮೈಗೆ ಕಪ್ಪು ಕಣಗಳನ್ನು ಮೆತ್ತುವುದರಿಂದ ಆ ಬಣ್ಣ.

ಎರಡು, ಟೆಲಿನೋಮಸ್ ಎಂಬ ಬೇರೆ ಕುಟುಂಬದ ಕಣಜ ಹೊಕ್ಕರೂ ಮೊಟ್ಟೆ ಕಪ್ಪಗಾಗುತ್ತದೆ. ಅದಕ್ಕೆ ಹೇಳುವುದು, ಕಪ್ಪು ಮೊಟ್ಟೆಯನ್ನು ಒಂದು ಗಾಜಿನ ಶೀಶೆಗೆ ಹಾಕಿ, ಹತ್ತಿ ತುರುಕಿ, ನಾಲ್ಕು ದಿನ ಕಾಯಿರಿ. ಯಾರು ಹೊರಗೆ ಬರುತ್ತಾರೆ ನೋಡಿ.

ಅಷ್ಟು ದೊಡ್ಡ ಹೊಲದಲ್ಲಿ ಅಷ್ಟು ಚಿಕ್ಕ ಮೊಟ್ಟೆ ಅದಕ್ಕೆ ಹೇಗೆ ಸಿಗುತ್ತೆ?

ವಾಸನೆ. ಪತಂಗ ಮೊಟ್ಟೆ ಇಡುವಾಗ ರೆಕ್ಕೆಯ ಪುಡಿ ಎಲೆಯ ಮೇಲೆ ಉದುರುತ್ತದೆ. ಆ ಪುಡಿಯ ವಾಸನೆ ಸಿಕ್ಕ ಕೂಡಲೇ ಕಣಜ ನಡಿಗೆ ನಿಧಾನ ಮಾಡಿ, ಅಲ್ಲಲ್ಲೇ ತಿರುಗುತ್ತಾ ಹುಡುಕಲು ಶುರು ಮಾಡುತ್ತದೆ. ಹೆಚ್ಚಿನ ಹುಡುಕಾಟ ಕಾಲ್ನಡಿಗೆಯಲ್ಲೇ.

ಇನ್ನು ಕೆಲವು ಪುಕ್ಕಟೆ ಸವಾರಿ ಮಾಡುತ್ತವೆ. ಯುರೋಪಿನ ಎಲೆಕೋಸಿನ ಬಿಳಿ ಚಿಟ್ಟೆಯ ಗಂಡು, ಕೂಡುವಾಗ ಹೆಣ್ಣಿಗೆ ಬೆಂಜೈಲ್ ಸಯನೈಡ್ ಎಂಬ ವಸ್ತುವನ್ನು ಸವರುತ್ತದೆ. ಬೇರೆ ಗಂಡುಗಳು ಹತ್ತಿರ ಬರಬಾರದು ಅಂತ ಅದರ ಉಪಾಯ. ಟ್ರೈಕೋಗ್ರಾಮ ಬ್ರಾಸಿಕೆ ಎಂಬ ಕಣಜ ಇದೇ ವಾಸನೆ ಹಿಡಿದು ಆ ಹೆಣ್ಣು ಚಿಟ್ಟೆಯ ಮೈಮೇಲೆ ಏರಿ ಕೂರುತ್ತದೆ. ಕೂಡಿದ ಹೆಣ್ಣು ಇನ್ನೇನು ಮೊಟ್ಟೆ ಇಡಬೇಕು ಅಲ್ವಾ? ಚಿಟ್ಟೆ ಎಲೆಯ ಮೇಲೆ ಇಳಿದು ಮೊಟ್ಟೆ ಇಟ್ಟ ಕೂಡಲೇ ಕಣಜವೂ ಇಳಿಯುತ್ತದೆ. 2005ರಲ್ಲಿ ಇದು ಬೆಳಕಿಗೆ ಬಂತು. ಗಂಡ ಹಾಕಿದ ಬೀಗವೇ ಕಳ್ಳನಿಗೆ ದಾರಿ ತೋರಿಸಿದ ಹಾಗೆ.

ಒಂದು ಮೊಟ್ಟೆಯಲ್ಲಿ ಒಂದೇ ಕಣಜ ಬರುತ್ತಾ?

ಅಕ್ಕಿ ಪತಂಗದ ಮೊಟ್ಟೆ ಚಿಕ್ಕದು, ಅದರಲ್ಲಿ ಸಾಮಾನ್ಯವಾಗಿ ಒಂದು. ದೊಡ್ಡ ಮೊಟ್ಟೆ ಸಿಕ್ಕರೆ ಹಲವು. ಚೀನಾದಲ್ಲಿ ಓಕ್ ರೇಷ್ಮೆ ಪತಂಗದ ದಪ್ಪ ಮೊಟ್ಟೆಯಲ್ಲಿ ಟ್ರೈಕೋಗ್ರಾಮ ಸಾಕುತ್ತಾರೆ. ಅಲ್ಲಿ ಒಂದೊಂದು ಮೊಟ್ಟೆಯಿಂದ ಹತ್ತಾರು ಕಣಜ ಬರುತ್ತವೆ.

ಎಷ್ಟು ಇಡಬೇಕು ಅಂತ ತಾಯಿಯೇ ಅಳೆದು ನೋಡುತ್ತದೆ. ಮೊಟ್ಟೆಯ ಮೇಲೆ ಹತ್ತಿ, ಕುಡಿಮೀಸೆ ತಟ್ಟುತ್ತಾ ಈ ಕಡೆಯಿಂದ ಆ ಕಡೆಗೆ ನಡೆಯುತ್ತದೆ. ಮೊದಲ ಸಲ ದಾಟಲು ಎಷ್ಟು ಹೊತ್ತು ಹಿಡಿಯಿತು ಅನ್ನುವುದೇ ಅದರ ಅಳತೆಗೋಲು. ಹೊತ್ತು ಜಾಸ್ತಿ ಹಿಡಿದರೆ ಮೊಟ್ಟೆ ದೊಡ್ಡದು, ಹೆಚ್ಚು ಮರಿಗಳಿಗೆ ಜಾಗವಿದೆ. ಬೇರೆ ಕಣಜ ಆಗಲೇ ಮೊಟ್ಟೆ ಇಟ್ಟು ಹೋಗಿದ್ದರೆ ಅದೂ ಬಹುಮಟ್ಟಿಗೆ ಗೊತ್ತಾಗುತ್ತದೆ. ಮುಂದಿನದಕ್ಕೆ ಹೊರಟುಬಿಡುತ್ತದೆ.

## ಗುರುತು ಹಿಡಿಯುವುದು

ಫೋನಲ್ಲಿ ಫೋಟೋ ಕಳಿಸ್ತೀನಿ, ಟ್ರೈಕೋಗ್ರಾಮ ಹೌದೋ ಅಲ್ವೋ ಹೇಳಿ.

ಆಗುವುದಿಲ್ಲ. ಬಹಳ ಜನಕ್ಕೆ ಈ ಉತ್ತರದಿಂದ ಬೇಜಾರಾಗಿದೆ, ಆದರೂ ಆಗುವುದಿಲ್ಲ. ಫೋನಿನಲ್ಲಿ ಬರುವುದು ಒಂದು ಹಳದಿ ಚುಕ್ಕೆ, ಎರಡು ಕೆಂಪು ಕಣ್ಣು. ಹಾಗೆ ಕಾಣುವ ಕಣಜಗಳು ನಾಲ್ಕಾರು ಕುಟುಂಬಗಳಲ್ಲಿವೆ. ಫೋಟೋಗಿಂತ ನನಗೆ ಬೇಕಾದ ಮಾಹಿತಿ ಬೇರೆ: ಯಾವ ಬೆಳೆ, ಯಾವ ಕೀಟದ ಮೊಟ್ಟೆ, ಮೊಟ್ಟೆ ಯಾವ ಬಣ್ಣಕ್ಕೆ ತಿರುಗಿತ್ತು, ಒಂದು ಮೊಟ್ಟೆಯಿಂದ ಎಷ್ಟು ಬಂದವು.

ಕಾಲೇಜಲ್ಲಿ ಮೈಕ್ರೋಸ್ಕೋಪ್ ಇದೆ. ಮೊದಲು ಎಲ್ಲಿ ನೋಡ್ಲಿ?

ಕಾಲಿನ ತುದಿ ನೋಡಿ. ಕೀಟದ ಪಾದ ಒಂದೇ ತುಂಡಲ್ಲ. ಕಬ್ಬಿನ ಜಲ್ಲೆಯ ಹಾಗೆ ಗೆಣ್ಣು ಗೆಣ್ಣಾಗಿರುತ್ತದೆ. ಈ ಕುಟುಂಬದಲ್ಲಿ ಪ್ರತಿ ಪಾದಕ್ಕೂ ಮೂರೇ ಗೆಣ್ಣು. ಚಾಲ್ಸಿಡ್ ಎಂದು ಕರೆಯುವ ಈ ದೊಡ್ಡ ಬಳಗದಲ್ಲಿ ಹೆಚ್ಚಿನವಕ್ಕೆ ಐದು, ಯೂಲೋಫಿಡೇ ಕುಟುಂಬಕ್ಕೆ ನಾಲ್ಕು. ಮೂರು ಎಣಿಸಿದಿರಿ ಅಂದರೆ ಬಹುಮಟ್ಟಿಗೆ ಮನೆ ಸಿಕ್ಕಂತೆ. ಒಂದೇ ಕಾಲು ನೋಡಿ ನಿಲ್ಲಿಸಬೇಡಿ. ಮುರಿದ ಕಾಲಿನಲ್ಲಿ ನಾಲ್ಕೂ ಮೂರಾಗುತ್ತದೆ. ನಾನೇ ಒಂದು ಮಧ್ಯಾಹ್ನ ಪೂರ್ತಿ ಹಾಗೆ ಏಮಾರಿದ್ದೇನೆ.

ಆಮೇಲೆ ಸೊಂಟ. ಸಾಮಾನ್ಯ ಕಣಜಕ್ಕೆ ದಾರದಂಥ ಸೊಂಟ ಇರುತ್ತದೆ. ಇದಕ್ಕೆ ಸೊಂಟವೇ ಇಲ್ಲ, ಎದೆಯೂ ಹೊಟ್ಟೆಯೂ ಅಗಲವಾಗಿ ಅಂಟಿಕೊಂಡಿರುತ್ತವೆ. ಕುಡಿಮೀಸೆ ಗಿಡ್ಡ.

ಮೂರನೆಯದು ರೆಕ್ಕೆ. ಹಲವು ಕುಲಗಳಲ್ಲಿ ಮುಂದಿನ ರೆಕ್ಕೆಯ ಮೇಲಿನ ಸಣ್ಣ ಕೂದಲುಗಳು ಸಾಲಾಗಿ ನಿಂತಿರುತ್ತವೆ, ಉತ್ತ ಹೊಲದ ಗೆರೆಗಳ ಹಾಗೆ. ಹೆಸರೂ ಅಲ್ಲಿಂದಲೇ ಬಂದದ್ದು. ಗ್ರೀಕ್‌ನಲ್ಲಿ ಕೂದಲು ಮತ್ತು ಗೆರೆ ಎನ್ನುವ ಎರಡು ಮಾತು ಸೇರಿ ಟ್ರೈಕೋಗ್ರಾಮ. 1833ರಲ್ಲಿ ಇಂಗ್ಲೆಂಡಿನ ಕೀಟತಜ್ಞ ವೆಸ್ಟ್‌ವುಡ್ ಈ ಹೆಸರಿಟ್ಟರು. ಎಲ್ಲ ಕುಲಗಳಲ್ಲೂ ಈ ಸಾಲು ಇರುವುದಿಲ್ಲ. ಹಾಗಾಗಿ ಸಾಲು ಇಲ್ಲ ಅಂತ ಕುಟುಂಬದಿಂದ ಹೊರಗೆ ಹಾಕಬೇಡಿ.

ಗೊಂದಲ ಆಗುವುದು ಮೂರು ಗುಂಪುಗಳ ಜೊತೆ. ಮೈಮಾರಿಡೇ ಕಣಜಕ್ಕೆ ಉದ್ದ ಮೀಸೆ, ಹಿಂದಿನ ರೆಕ್ಕೆಗೆ ಸೌಟಿನ ಹಿಡಿಯಂಥ ತೊಟ್ಟು. ಅಫೆಲಿನಿಡೇ ಕಣಜಕ್ಕೂ ಸೊಂಟ ಇಲ್ಲ, ಆದರೆ ಪಾದ ಎಣಿಸಿದರೆ ಸಾಮಾನ್ಯವಾಗಿ ಐದು ಗೆಣ್ಣು. ಟೆಲಿನೋಮಸ್ ಕಪ್ಪಗೆ, ಗಟ್ಟಿ ಮೈ, ಮೊಣಕೈಯಂತೆ ಬಾಗಿದ ಮೀಸೆ, ಪಾದಕ್ಕೆ ಐದು ಗೆಣ್ಣು. ಅದು ಚಾಲ್ಸಿಡ್ ಬಳಗವೇ ಅಲ್ಲ.

ಗಂಡು ಯಾವುದು ಹೆಣ್ಣು ಯಾವುದು?

ಟ್ರೈಕೋಗ್ರಾಮ ಕುಲದಲ್ಲಿ ಮೀಸೆ ನೋಡಿದರೆ ಸಾಕು. ಗಂಡಿನ ಮೀಸೆಯ ಕೊನೆಯ ಭಾಗ ಒಂದೇ ಉದ್ದ ತುಂಡು, ಅದರ ತುಂಬ ನೀಳ ಕೂದಲು, ಬಾಟಲಿ ತೊಳೆಯುವ ಬ್ರಷ್ ಥರ. ಹೆಣ್ಣಿನ ಮೀಸೆ ಗಿಡ್ಡ, ತುದಿ ಗದೆಯ ಹಾಗೆ ದಪ್ಪ, ಕೂದಲು ಕಡಿಮೆ. ಒಳ್ಳೆ ಕೈಲೆನ್ಸ್ ಇದ್ದರೆ ಇಷ್ಟು ಕಾಣುತ್ತದೆ.

ಟ್ರೈಕೋಗ್ರಾಮಟಾಯ್ಡಿಯ ಅಂತಾನೂ ಕಾರ್ಡ್ ಬರುತ್ತಲ್ಲ, ಅದು ಬೇರೆನಾ?

ಬೇರೆ ಕುಲ, ಹತ್ತಿರದ ನೆಂಟ. ಗಂಡಿನ ಮೀಸೆಯ ಕೊನೆಯ ಭಾಗ ಇದರಲ್ಲಿ ಒಂದೇ ತುಂಡಲ್ಲ, ಬಿಡಿ ಬಿಡಿ ತುಂಡುಗಳು. ರೆಕ್ಕೆಯ ಅಂಚಿನ ಜಾಲರಿಯೂ ಉದ್ದ.

ಹಿಡಿದಿಟ್ಟಿದ್ದು ಒಣಗಿ ಮುದುಡಿಹೋಯ್ತು. ಹೇಗೆ ಇಡ್ಬೇಕಿತ್ತು?

ಇವುಗಳ ಮೈ ಬಹಳ ಮೆತ್ತಗೆ. ಚಿಟ್ಟೆಯ ಹಾಗೆ ಗುಂಡುಸೂಜಿಗೆ ಚುಚ್ಚಿ ಒಣಗಿಸಿದರೆ ಸಂಡಿಗೆಯಾಗುತ್ತದೆ. ಸಿಕ್ಕ ಕೂಡಲೇ ಆಲ್ಕೋಹಾಲಿಗೆ ಹಾಕಿ. ರೂಪ ನೋಡಲು ಶೇಕಡಾ 70ರಿಂದ 80ರ ಆಲ್ಕೋಹಾಲ್ ಸಾಕು. ಡಿಎನ್‌ಎ ಪರೀಕ್ಷೆಗೆ ಬೇಕಾದರೆ ಶೇಕಡಾ 95ಕ್ಕಿಂತ ಮೇಲಿನದು, ಅದೂ ಫ್ರಿಜ್‌ನಲ್ಲಿ. ಪ್ರಭೇದದ ಹೆಸರು ಬೇಕೆಂದರೆ ಕೊನೆಗೆ ಗಾಜಿನ ಸ್ಲೈಡ್ ಮೇಲೆ ಹೋಯರ್ಸ್ ದ್ರಾವಣ ಅಥವಾ ಕೆನಡಾ ಬಾಲ್ಸಮ್‌ನಲ್ಲಿ ಕೂರಿಸಲೇಬೇಕು. ಶೀಶೆಯೊಳಗೇ ಪೆನ್ಸಿಲಿನಲ್ಲಿ ಬರೆದ ಚೀಟಿ ಹಾಕಿ. ಪೆನ್ನಿನ ಶಾಯಿ ಆಲ್ಕೋಹಾಲಿನಲ್ಲಿ ಕರಗಿ ಊರು, ತಾರೀಕು ಎರಡೂ ಹೋಗುತ್ತವೆ.

ಹಿಡಿಯುವುದಕ್ಕೆ ಸುಲಭ ದಾರಿ ಹಳದಿ ತಟ್ಟೆ. ತಟ್ಟೆಗೆ ನೀರು, ಒಂದು ಹನಿ ಸೋಪು, ಹೊಲದಲ್ಲಿ ಒಂದು ದಿನ. ಆದರೆ ಹೀಗೆ ಸಿಕ್ಕ ಕಣಜ ಯಾವ ಮೊಟ್ಟೆಯಿಂದ ಬಂತು ಅಂತ ಗೊತ್ತಾಗುವುದಿಲ್ಲ. ಮೊಟ್ಟೆ ಆರಿಸಿ ತಂದು ಕಾಯುವುದು ನಿಧಾನ, ಆದರೆ ಎರಡು ಪಟ್ಟು ಲಾಭ.

ಪ್ರಭೇದ ಹೇಳೋಕೆ ಗಂಡೇ ಬೇಕು ಅಂತೀರಲ್ಲ, ಯಾಕೆ?

ಈ ಉತ್ತರದ ಬೇರು ಬೆಂಗಳೂರಿನಲ್ಲಿದೆ.

ಟ್ರೈಕೋಗ್ರಾಮ ಕುಲದಲ್ಲಿ 200ಕ್ಕೂ ಹೆಚ್ಚು ಪ್ರಭೇದಗಳಿವೆ. ನೋಡಲು ಎಲ್ಲವೂ ಒಂದೇ. ಹಿಂದಿನವರು ಮೈಬಣ್ಣ, ಗಾತ್ರ, ಕೂದಲಿನ ಉದ್ದ ನೋಡಿ ಹೆಸರಿಡುತ್ತಿದ್ದರು. ತೊಂದರೆ ಏನೆಂದರೆ ಬಣ್ಣ ಹವೆಯ ಜೊತೆ ಬದಲಾಗುತ್ತದೆ. ಒಂದೇ ತಾಯಿಯ ಮಕ್ಕಳು ಬೇಸಿಗೆಯಲ್ಲಿ ಹಳದಿ, ಚಳಿಯಲ್ಲಿ ಕಂದು. ಗಾತ್ರ ಅದು ಬೆಳೆದ ಮೊಟ್ಟೆಯ ಗಾತ್ರದ ಮೇಲೆ ನಿಂತಿದೆ. ಹೀಗಾಗಿ ಹೆಸರುಗಳು ಕಲಸುಮೇಲೋಗರ ಆಗಿದ್ದವು. ಭಾರತದಲ್ಲಿ ಒಂದೇ ಕಣಜ ಮಿನುಟಮ್, ಇವಾನೆಸೆನ್ಸ್, ಆಸ್ಟ್ರೇಲಿಕಮ್ ಅಂತ ಬೇರೆ ಬೇರೆ ಹೆಸರಿನಲ್ಲಿ ಓಡಾಡುತ್ತಿತ್ತು. ಮೈಸೂರು ಸಂಸ್ಥಾನದಲ್ಲಿ ಕಬ್ಬಿನ ಕೊರಕಕ್ಕೆ ಟ್ರೈಕೋಗ್ರಾಮ ಸಾಕುವ ಪ್ರಯೋಗ ನಡೆದದ್ದು 1930ರ ದಶಕದಲ್ಲೇ. ಅಂದರೆ ಕಣಜ ಬಳಕೆಗೆ ಬಂದು ಎಷ್ಟೋ ವರ್ಷ ಅದರ ಸರಿಯಾದ ಹೆಸರೇ ಗೊತ್ತಿರಲಿಲ್ಲ.

1957ರಲ್ಲಿ ಬೆಂಗಳೂರಿನಲ್ಲಿ ಕಾಮನ್‌ವೆಲ್ತ್ ಜೈವಿಕ ನಿಯಂತ್ರಣ ಸಂಸ್ಥೆಯ ಭಾರತ ಕೇಂದ್ರ ಶುರುವಾಯಿತು. ಅಲ್ಲಿದ್ದ ಸುಧಾ ನಾಗರಕಟ್ಟಿ ಮತ್ತು ಎಚ್. ನಾಗರಾಜ ಒಂದು ಸರಳ ಕೆಲಸ ಮಾಡಿದರು. ಬೇರೆ ಬೇರೆ ಕಡೆಯ ಕಣಜಗಳನ್ನು ಒಂದಕ್ಕೊಂದು ಕೂಡಿಸಿ ನೋಡಿದರು. ಮಕ್ಕಳಾಗದಿದ್ದರೆ ಅವು ಬೇರೆ ಪ್ರಭೇದ. ಹಾಗೆ ಬೇರೆ ಎಂದು ಗೊತ್ತಾದವುಗಳ ಮೈಯಲ್ಲಿ ಏನು ವ್ಯತ್ಯಾಸ ಅಂತ ಹುಡುಕಿದರು. ಅದು ಸಿಕ್ಕಿದ್ದು ಗಂಡಿನ ಜನನಾಂಗದ ಆಕಾರದಲ್ಲಿ. ಹವೆ ಬದಲಾದರೂ ಅದು ಬದಲಾಗುವುದಿಲ್ಲ. 1968ರಲ್ಲಿ ಮೊದಲು, 1971ರಲ್ಲಿ ಇನ್ನಷ್ಟು ವಿವರವಾಗಿ ಇದನ್ನು ಪ್ರಕಟಿಸಿದರು. ಅಲ್ಲಿಂದ ಈಚೆಗೆ ಟ್ರೈಕೋಗ್ರಾಮದ ಮೇಲೆ ಕೆಲಸ ಮಾಡುವವರು ಗಂಡಿನ ಸ್ಲೈಡ್ ಇಲ್ಲದೆ ಹೆಸರು ಹೇಳುವುದಿಲ್ಲ. ನಮ್ಮಲ್ಲಿ ಕಬ್ಬಿಗೆ ಬಿಡುವ ಕಣಜ ಟ್ರೈಕೋಗ್ರಾಮ ಕಿಲೋನಿಸ್ ಎಂದು ನಿಂತಿತು. ಈ ಹೆಸರನ್ನು 1941ರಲ್ಲೇ ಜಪಾನಿನ ಇಶೀ ಕೊಟ್ಟಿದ್ದರು.

ಈಗ ಡಿಎನ್‌ಎಯ ಐಟಿಎಸ್2 ಎಂಬ ತುಣುಕನ್ನು ಓದಿ ಹೆಣ್ಣಿನಿಂದಲೂ ಹೆಸರು ಹೇಳಬಹುದು. ಆದರೆ ಆ ತುಣುಕನ್ನು ಹೋಲಿಸಲು ಮೊದಲು ಸರಿಯಾಗಿ ಹೆಸರಿಟ್ಟ ಗಂಡು ಎಲ್ಲೋ ಒಂದು ಕಡೆ ಸ್ಲೈಡ್ ಮೇಲೆ ಇರಲೇಬೇಕು.

## ಹೊಲದಲ್ಲಿ

ಕಾರ್ಡ್ ಕಟ್ಟಿದೆ, ಏನೂ ಆಗಲಿಲ್ಲ. ಇದೆಲ್ಲಾ ಮೋಸನಾ?

ಕಾರ್ಡ್ ಕಟ್ಟುವ ಮೊದಲು ಅದನ್ನು ನೋಡಿದ್ದಿರಾ? ನಾನು ಒಮ್ಮೆ ನೋಡದೆ ಕಟ್ಟಿದ್ದೆ. ತರಿಸಿದ ಪೊಟ್ಟಣ ಮೂರು ದಿನ ತಡವಾಗಿ ಬಂತು. ಕಣಜಗಳು ದಾರಿಯಲ್ಲೇ ಹೊರಬಂದು, ಪೊಟ್ಟಣದ ಮೂಲೆಯಲ್ಲಿ ಕಂದು ಪುಡಿಯಾಗಿ ಬಿದ್ದಿದ್ದವು. ನಾನು ತೂತು ಬಿದ್ದ ಖಾಲಿ ಮೊಟ್ಟೆಗಳನ್ನು ಭಕ್ತಿಯಿಂದ ಗಿಡಗಿಡಕ್ಕೂ ಕಟ್ಟಿದೆ.

ಲೆನ್ಸ್ ಹಿಡಿದು ನೋಡಿ. ಕಪ್ಪು, ತೂತಿಲ್ಲದ ಮೊಟ್ಟೆ ಒಳ್ಳೆಯದು. ಕಪ್ಪು, ತೂತಿರುವುದು ಖಾಲಿ ಮನೆ. ಬಿಳಿಯಾಗಿ ಕುಗ್ಗಿದ್ದರೆ ಅದರೊಳಗೆ ಕಣಜ ಹೋಗಿಯೇ ಇಲ್ಲ. ಆ ಬಿಳಿ ಮೊಟ್ಟೆಯಿಂದ ಪತಂಗ ಬರುತ್ತದೆಂಬ ಭಯ ಬೇಡ. ಅಕ್ಕಿ ಪತಂಗದ ಮೊಟ್ಟೆಗಳನ್ನು ಮೊದಲೇ ಅತಿನೇರಳೆ ದೀಪದ ಕೆಳಗಿಟ್ಟು ಸಾಯಿಸಿರುತ್ತಾರೆ.

ಇನ್ನು ಸಮಯ. ಈ ಕಣಜ ಮೊಟ್ಟೆಗೆ ಮಾತ್ರ. ಹುಳ ಕಾಂಡದೊಳಗೆ ಹೊಕ್ಕು ಸುಳಿ ಒಣಗಿದ ಮೇಲೆ ಕಾರ್ಡ್ ಕಟ್ಟಿದರೆ ಏನೂ ಆಗುವುದಿಲ್ಲ. ಪತಂಗ ಹಾರಾಡಲು ಶುರುವಾದಾಗಲೇ ಬಿಡಬೇಕು. ಕಬ್ಬಿಗೆ ಸಾಮಾನ್ಯವಾಗಿ ಎಕರೆಗೆ ಒಂದು ಕಾರ್ಡ್, ಹತ್ತು ದಿನಕ್ಕೊಮ್ಮೆ, ಹಲವು ಸಲ. ಕಣಜ ದೂರ ಹೋಗುವುದಿಲ್ಲ, ಅದಕ್ಕೆ ಕಾರ್ಡನ್ನು ತುಂಡು ಮಾಡಿ ಹೊಲದ ತುಂಬ ಹಂಚಿ, ಎಲೆಯ ಕೆಳಭಾಗಕ್ಕೆ ಸ್ಟೇಪಲ್ ಹೊಡೆಯಿರಿ. ಸಂಜೆ ಒಳ್ಳೆಯದು. ಇರುವೆ ಇರುವ ಗಿಡ ಬಿಡಿ, ಒಂದು ರಾತ್ರಿಯಲ್ಲಿ ಕಾರ್ಡ್ ಬೋಳಾಗುತ್ತದೆ. ಅದೇ ವಾರ ಕೀಟನಾಶಕ ಹೊಡೆದರೆ ದುಡ್ಡು ಕೊಟ್ಟು ತಂದ ಕಣಜವನ್ನು ದುಡ್ಡು ಕೊಟ್ಟೇ ಕೊಂದಂತೆ.

ಮೆಕ್ಕೆಜೋಳದ ಫಾಲ್ ಆರ್ಮಿವರ್ಮ್‌ಗೆ ನಡೆಯುತ್ತಾ?

ಸ್ವಲ್ಪ ನಡೆಯುತ್ತದೆ. 2018ರಲ್ಲಿ ಈ ಹುಳ ದೇಶದಲ್ಲೇ ಮೊದಲು ಗುರುತಿಗೆ ಸಿಕ್ಕಿದ್ದು ನಮ್ಮ ಶಿವಮೊಗ್ಗ ಕಡೆಯ ಮೆಕ್ಕೆಜೋಳದಲ್ಲಿ. ಇದರ ಪತಂಗ ಮೊಟ್ಟೆಗಳನ್ನು ಗುಂಪಾಗಿ, ಒಂದರ ಮೇಲೊಂದು ಪದರವಾಗಿ ಇಟ್ಟು, ಮೇಲೆ ತನ್ನ ಮೈಪುಡಿಯ ಕಂಬಳಿ ಹೊದಿಸುತ್ತದೆ. ಟ್ರೈಕೋಗ್ರಾಮಕ್ಕೆ ಮೇಲಿನ ಪದರ ಸಿಗುತ್ತದೆ, ಕೆಳಗಿನದು ಸಿಗುವುದು ಕಷ್ಟ. ಟೆಲಿನೋಮಸ್ ರೆಮಸ್ ಈ ಕಂಬಳಿಯೊಳಗೆ ನುಗ್ಗುವುದರಲ್ಲಿ ಗಟ್ಟಿಗ.

ಊಜಿ ನೊಣಕ್ಕೆ ಬಿಡೋ ಕಣಜವೂ ಇದೇನಾ?

ಅಲ್ಲ. ರೇಷ್ಮೆ ಹುಳುವನ್ನು ಕಾಡುವ, 1980ರಲ್ಲಿ ಕರ್ನಾಟಕಕ್ಕೆ ಬಂದ ಊಜಿ ನೊಣಕ್ಕೆ ಬಿಡುವುದು ನೆಸೊಲಿಂಕ್ಸ್ ಥೈಮಸ್. ಅದು ಯೂಲೋಫಿಡೇ ಕುಟುಂಬ, ಹೋಗುವುದು ನೊಣದ ಕೋಶಕ್ಕೆ. ಪಾದ ಎಣಿಸಿದರೆ ನಾಲ್ಕು ಗೆಣ್ಣು.

ಚೆಂದದ ಚಿಟ್ಟೆಗಳ ಮೊಟ್ಟೆಗೂ ಹೋಗುತ್ತಲ್ಲ?

ಹೋಗಬಹುದು. ಟ್ರೈಕೋಗ್ರಾಮಕ್ಕೆ ನಮ್ಮ ಇಷ್ಟಾನಿಷ್ಟ ಗೊತ್ತಿಲ್ಲ. ಸಮಾಧಾನ ಏನೆಂದರೆ ಬಿಟ್ಟ ಜಾಗದಿಂದ ಹೆಚ್ಚಿನವು ಕೆಲವು ಮೀಟರ್ ಮಾತ್ರ ಹರಡುತ್ತವೆ, ಬದುಕುವುದೂ ಕೆಲವೇ ದಿನ. ಹಾಗಂತ ಚಿಟ್ಟೆ ತೋಟದ ಬೇಲಿಗೆ ಕಾರ್ಡ್ ಕಟ್ಟಿ ಅಂತ ನಾನು ಹೇಳುವುದಿಲ್ಲ.

## ಇನ್ನೂ ಆಳಕ್ಕೆ

ನಮ್ಮ ಶೀಶೆಯಲ್ಲಿ ಹುಟ್ಟಿದ್ದೆಲ್ಲಾ ಹೆಣ್ಣೇ. ಗಂಡೆಲ್ಲಿ ಹೋಯ್ತು?

ಕಣಜಗಳಲ್ಲಿ ಗಂಡು ಹೆಣ್ಣಿನ ತೀರ್ಮಾನ ತಾಯಿಯ ಕೈಯಲ್ಲಿದೆ. ಫಲಿತ ಮೊಟ್ಟೆ ಇಟ್ಟರೆ ಹೆಣ್ಣು, ಫಲಿಸದ್ದು ಇಟ್ಟರೆ ಗಂಡು. ಹಾಗಾಗಿ ಕೂಡದ ಹೆಣ್ಣಿಗೂ ಮಕ್ಕಳಾಗುತ್ತವೆ, ಎಲ್ಲ ಗಂಡೇ. ಸಾಮಾನ್ಯವಾಗಿ ತಾಯಿ ಇಡುವುದು ಹೆಚ್ಚು ಹೆಣ್ಣು, ಕಡಿಮೆ ಗಂಡು. ಗಂಡು ಮೊದಲು ಹೊರಬಂದು ಅಲ್ಲೇ ಕಾಯುತ್ತದೆ, ಹಿಂದೆಯೇ ಬರುವ ಹೆಣ್ಣುಗಳನ್ನು ಕೂಡುತ್ತದೆ. ಒಬ್ಬನೇ ಹಲವರಿಗೆ ಸಾಕು.

ಒಂದು ಗಂಡೂ ಇಲ್ಲದೆ ತಲೆಮಾರುಗಟ್ಟಲೆ ಹೆಣ್ಣೇ ಬರುತ್ತಿದ್ದರೆ ವೊಲ್ಬಾಕಿಯ ಎಂಬ ಬ್ಯಾಕ್ಟೀರಿಯದ ಮೇಲೆ ಅನುಮಾನಪಡಿ. ಅದು ಕಣಜದ ಜೀವಕೋಶಗಳೊಳಗೆ ಇದ್ದುಕೊಂಡು, ತಾಯಿಯಿಂದ ಮಗಳಿಗೆ ಮೊಟ್ಟೆಯ ಮೂಲಕ ದಾಟುತ್ತದೆ. ಗಂಡಿನ ಮೂಲಕ ಅದಕ್ಕೆ ಮುಂದೆ ದಾರಿಯಿಲ್ಲ. ಅದಕ್ಕೇ ಫಲಿಸದ ಮೊಟ್ಟೆಯನ್ನೂ ಹೆಣ್ಣಾಗಿ ತಿರುಗಿಸುತ್ತದೆ. 1990ರಲ್ಲಿ ಸ್ಟೌಟ್‌ಹಾಮರ್ ಎಂಬ ವಿಜ್ಞಾನಿ ಮತ್ತು ಜೊತೆಗಾರರು ಇಂಥ ಕಣಜಗಳಿಗೆ ಜೇನಿನಲ್ಲಿ ಆಂಟಿಬಯೋಟಿಕ್ ಬೆರೆಸಿ ಕೊಟ್ಟರು. ಗಂಡು ಮಕ್ಕಳು ಹುಟ್ಟಿದವು!

ಅಷ್ಟು ಚಿಕ್ಕ ತಲೆಯಲ್ಲಿ ಮಿದುಳು ಹೇಗೆ ಹಿಡಿಸುತ್ತೆ?

ಮೆಗಾಫ್ರಾಗ್ಮದ ಉತ್ತರ ವಿಚಿತ್ರವಾಗಿದೆ. ಜೇನುನೊಣದ ಮಿದುಳಿನಲ್ಲಿ ನರಕೋಶಗಳು ಲಕ್ಷಗಟ್ಟಲೆ. ಮೆಗಾಫ್ರಾಗ್ಮ ಮೈಮಾರಿಪೆನ್ನೆಗೆ ಇರುವುದು ಸುಮಾರು 7,400. ಅಷ್ಟಕ್ಕೂ ಜಾಗ ಸಾಲುವುದಿಲ್ಲ. ಪ್ಯೂಪ ಹಂತ ಮುಗಿಸಿ ಹೊರಬರುವ ಮೊದಲು ಅದು ತನ್ನ ಬಹುಪಾಲು ನರಕೋಶಗಳ ಕೇಂದ್ರವನ್ನೇ (ನ್ಯೂಕ್ಲಿಯಸ್) ಕಳೆದುಕೊಳ್ಳುತ್ತದೆ. ಬೆಳೆದ ಕಣಜದಲ್ಲಿ ಕೇಂದ್ರ ಇರುವ ನರಕೋಶಗಳು ಶೇಕಡಾ 5ಕ್ಕಿಂತ ಕಡಿಮೆ. 2012ರಲ್ಲಿ ರಷ್ಯಾದ ಅಲೆಕ್ಸೇ ಪೋಲಿಲೊವ್ ಇದನ್ನು ತೋರಿಸಿದಾಗ ಬಹಳ ಜನ ಎರಡೆರಡು ಸಲ ಓದಿದರು. ಕೇಂದ್ರವಿಲ್ಲದ ನರಕೋಶ ರಿಪೇರಿ ಆಗುವುದಿಲ್ಲ. ಆದರೆ ಇದರ ಆಯಸ್ಸು ಐದು ದಿನದ ಆಸುಪಾಸು. ರಿಪೇರಿ ಬೇಕಾಗುವಷ್ಟರಲ್ಲಿ ಬದುಕೇ ಮುಗಿದಿರುತ್ತದೆ.

ಒಂದಕ್ಕೆ ರೆಕ್ಕೆ ಇದೆ, ಒಂದಕ್ಕಿಲ್ಲ. ಎರಡು ಬೇರೆ ಪ್ರಭೇದ ಅಂತ ಬರ್ಕೊಳ್ಳಲಾ?

ಬರೆದುಕೊಳ್ಳುವ ಮೊದಲು ಟ್ರೈಕೋಗ್ರಾಮ ಸೆಂಬ್ಲಿಡಿಸ್ ಕಥೆ ಕೇಳಿ. ಇಂಗ್ಲೆಂಡಿನಲ್ಲಿ ಸಯಾಲಿಸ್ ಎಂಬ ಕೀಟ ನೀರಿನ ಮೇಲೆ ಬಾಗಿದ ಎಲೆಗಳಲ್ಲಿ ಮೊಟ್ಟೆ ಇಡುತ್ತದೆ. ಆ ಮೊಟ್ಟೆಗಳಿಂದ ಬಂದ ಈ ಕಣಜದ ಗಂಡುಗಳಿಗೆ ರೆಕ್ಕೆಯೇ ಇರುವುದಿಲ್ಲ. ಅದೇ ಕಣಜವನ್ನು ಪತಂಗದ ಮೊಟ್ಟೆಯಲ್ಲಿ ಬೆಳೆಸಿದರೆ ಗಂಡುಗಳಿಗೆ ಚೆನ್ನಾಗಿ ರೆಕ್ಕೆ ಬರುತ್ತದೆ. ಮೀಸೆ, ಕಾಲು ಕೂಡ ಬೇರೆಯಾಗಿ ಕಾಣುತ್ತವೆ. ಕೇಂಬ್ರಿಡ್ಜ್‌ನ ಜಾರ್ಜ್ ಸಾಲ್ಟ್ 1937ರಲ್ಲಿ ಇದನ್ನು ಬೆಳೆಸಿಯೇ ತೋರಿಸಿದರು. ತಾಯಿ ಒಂದೇ, ಪ್ರಭೇದ ಒಂದೇ. ಬೇರೆಯಾದದ್ದು ಅವು ಬೆಳೆದ ಮೊಟ್ಟೆ ಮಾತ್ರ.

ಅದಕ್ಕೇ ನೀವು ಶೀಶೆ ಕಳಿಸಿದಾಗ ನಾನು ಮೊದಲು ಕಣಜ ನೋಡುವುದಿಲ್ಲ. ಚೀಟಿ ತೆಗೆದು, ಯಾವ ಮೊಟ್ಟೆಯಿಂದ ಬಂತು ಅಂತ ಬರೆದಿದ್ದೀರಾ ಅಂತ ನೋಡುತ್ತೇನೆ.